ತೆಳು ತಗಡಿಗೆ ಬೆಸುಗೆ: ಕಾವು ಎಷ್ಟು ಬೇಕು, ಎಷ್ಟು ಬೇಡ

ನಮ್ಮ ಸ್ಟುಡಿಯೋದ ಒಂದು ಏಣಿಯ ಕಥೆಯಿಂದ ಆರಂಭಿಸುತ್ತೇನೆ. ಮೇಲಿನ ದೀಪಗಳನ್ನು ಹೊಂದಿಸಲು ಎರಡು ಕಡೆ ಕಾಲು ಚಾಚುವ ಮಡಚು ಏಣಿಯೊಂದು ಬೇಕಾಗಿತ್ತು. "ಭಾರ ಕಡಿಮೆ ಇರಲಿ, ಒಬ್ಬನೇ ಎತ್ತಿಕೊಂಡು ಹೋಗುವಂತಿರಬೇಕು" ಎಂದು ಹೇಳಿ ಮಾಡಿಸಿದವನು ನಾನೇ. ಊರಿನ ಒಂದು ಶೆಡ್ಡಿನಲ್ಲಿ ಒಂದು ಮಿಲಿಮೀಟರ್ ದಪ್ಪದ ಚೌಕ ಕೊಳವೆಯಿಂದ ಅದು ತಯಾರಾಗಿ ಬಂತು. ಬಣ್ಣ ಬಳಿದ ಮೇಲೆ ನೋಡಲು ಬಹಳ ಅಂದವಾಗಿತ್ತು. ಮೂರನೆಯ ವಾರ ಒಂದು ಮೆಟ್ಟಿಲು ಒಂದು ಬದಿಯಲ್ಲಿ ಕಳಚಿಕೊಂಡಿತು. ಏಣಿಯ ಮೇಲಿದ್ದ ಬೆಳಕಿನ ಸಹಾಯಕ ಕೆಳಗೆ ಬಿದ್ದು ಮಣಿಕಟ್ಟು ಮುರಿದುಕೊಂಡ.

ಆಸ್ಪತ್ರೆಯ ಓಡಾಟ ಮುಗಿದ ಮೇಲೆ ಏಣಿಯನ್ನು ನೆಲಕ್ಕೆ ಮಲಗಿಸಿ ಬಣ್ಣ ಕೆರೆದು ನೋಡಿದೆ. ಕಳಚಿದ ಜಾಗದಲ್ಲಿ ಬೆಸುಗೆಯ ಲೋಹವೆಲ್ಲ ಮೆಟ್ಟಿಲಿಗೇ ಅಂಟಿಕೊಂಡಿತ್ತು. ಉದ್ದನೆಯ ಕಂಬದ ಕಡೆ ಅದು ಮುಟ್ಟಿ ಹೋದ ಗುರುತು ಮಾತ್ರ ಇತ್ತು. ಅಲ್ಲಿ ಕೊಳವೆಯ ಲೋಹ ಕರಗಿಯೇ ಇರಲಿಲ್ಲ. ಮೇಣದ ಹನಿ ಕಲ್ಲಿನ ಮೇಲೆ ಬಿದ್ದು ಗಟ್ಟಿಯಾದಂತೆ ಬೆಸುಗೆ ಅಲ್ಲಿ ಕುಳಿತಿತ್ತು. ವಿಚಿತ್ರವೆಂದರೆ, ಅದೇ ಏಣಿಯ ಇನ್ನೊಂದು ಬದಿಯಲ್ಲಿ ಕಡಲೆಕಾಯಿ ಗಾತ್ರದ ತೂತೊಂದನ್ನು ಪುಟ್ಟಿ ಮೆತ್ತಿ, ಬಣ್ಣ ಹಚ್ಚಿ ಮುಚ್ಚಿದ್ದರು. ಅಲ್ಲಿ ಕಾವು ಹೆಚ್ಚಾಗಿ ಕೊಳವೆ ಸುಟ್ಟುಹೋಗಿತ್ತು. ಕೆಲಸಗಾರ ಮೊದಲು ತೂತು ಮಾಡಿದ್ದಾನೆ, ಹೆದರಿ ಕರೆಂಟು ಇಳಿಸಿದ್ದಾನೆ, ಆಮೇಲೆ ಹಾಕಿದ ಬೆಸುಗೆಗಳು ಹಿಡಿದೇ ಇಲ್ಲ. ತೆಳು ತಗಡಿನ ಬೆಸುಗೆಯ ಇಡೀ ಸಮಸ್ಯೆ ಆ ಒಂದು ಏಣಿಯಲ್ಲೇ ಇತ್ತು.

ಈ ಬಾರಿಯ ಮಾತುಕತೆಗೆ ಈ ವಿಷಯವನ್ನು ಆರಿಸಿಕೊಂಡದ್ದಕ್ಕೆ ಅದೇ ಕಾರಣ. ಪರದೆಯ ಮೇಲೆ ಅರ್ಧ ಗಂಟೆಯಲ್ಲಿ ಹೇಳಲು ಸಾಧ್ಯವಾಗದ ಲೆಕ್ಕಾಚಾರಗಳನ್ನು ಈ ಪುಟಗಳಲ್ಲಿ ಕೊಟ್ಟಿದ್ದೇನೆ. ಪಕ್ಕದಲ್ಲಿ ಕಾಗದ, ಪೆನ್ಸಿಲ್ ಇಟ್ಟುಕೊಂಡು ಓದಿದರೆ ಒಳ್ಳೆಯದು.

ಕಾವು ಎಲ್ಲಿಗೆ ಹೋಗುತ್ತದೆ?

ತಗಡು ಎಂದರೆ ಎಷ್ಟು ತೆಳುವು? ನಮ್ಮ ಅಂಗಡಿಗಳಲ್ಲಿ ಇನ್ನೂ ಗೇಜ್ ಲೆಕ್ಕ ನಡೆಯುತ್ತದೆ. ಬ್ರಿಟಿಷರ ತಂತಿ ಗೇಜಿನ ಪ್ರಕಾರ 16 ಗೇಜ್ ಎಂದರೆ ಸುಮಾರು 1.6 ಮಿ.ಮೀ., 18 ಗೇಜ್ 1.2 ಮಿ.ಮೀ., 20 ಗೇಜ್ 0.9 ಮಿ.ಮೀ., 22 ಗೇಜ್ 0.7 ಮಿ.ಮೀ. ಸಂಖ್ಯೆ ಏರಿದಂತೆ ದಪ್ಪ ಇಳಿಯುತ್ತದೆ ಎಂಬುದನ್ನು ಮರೆಯಬಾರದು. ಅಂಗಡಿಯವರ ಮಾತನ್ನು ನಂಬುವುದಕ್ಕಿಂತ ನಿಮ್ಮ ಪ್ರಯೋಗಶಾಲೆಯ ಸ್ಕ್ರೂಗೇಜಿನಿಂದ ಒಮ್ಮೆ ಅಳೆಯುವುದು ಮೇಲು. ಭೌತಶಾಸ್ತ್ರದ ಪ್ರಾಯೋಗಿಕ ಪರೀಕ್ಷೆಯಾದ ಮೇಲೂ ಆ ಉಪಕರಣಕ್ಕೆ ಉಪಯೋಗವಿದೆ! ಈ ಲೇಖನದಲ್ಲಿ ಎರಡು ಮಿಲಿಮೀಟರಿಗಿಂತ ತೆಳುವಾದುದನ್ನೆಲ್ಲ ತಗಡು ಎಂದು ಕರೆಯುತ್ತೇನೆ.

ಈಗ ಒಂದು ಲೆಕ್ಕ. ಒಂದು ಮಿ.ಮೀ. ದಪ್ಪದ ಎರಡು ಉಕ್ಕಿನ ತಗಡುಗಳನ್ನು ಅಂಚಿಗೆ ಅಂಚು ಕೂಡಿಸಿ ಬೆಸೆಯಬೇಕು. ಮೂರು ಮಿ.ಮೀ. ಅಗಲದಷ್ಟು ಲೋಹ ಕರಗಿದರೆ ಸಾಕು ಎನ್ನೋಣ. ಹಾಗಾದರೆ ಒಂದು ಮಿ.ಮೀ. ಉದ್ದದ ಬೆಸುಗೆಗೆ ಕರಗಬೇಕಾದ ಲೋಹ 3 ಘನ ಮಿಲಿಮೀಟರ್. ತೂಕದಲ್ಲಿ ಸುಮಾರು 0.024 ಗ್ರಾಂ. ಒಂದು ಗ್ರಾಂ ಉಕ್ಕನ್ನು ಕೋಣೆಯ ಉಷ್ಣತೆಯಿಂದ ಸುಮಾರು 1500 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಿ ಕರಗಿಸಲು ಹೆಚ್ಚುಕಡಿಮೆ 1300 ಜೌಲ್ ಶಕ್ತಿ ಬೇಕು. ಇದರಲ್ಲಿ ದ್ರವೀಕರಣದ ಗುಪ್ತೋಷ್ಣವೂ ಸೇರಿದೆ. ಗುಣಿಸಿದರೆ ಬರುವುದು ಸುಮಾರು 30 ಜೌಲ್.

ಶೆಡ್ಡಿನಲ್ಲಿ ಕೊಡುವುದು ಎಷ್ಟು? ಗೇಟು ಗ್ರಿಲ್ಲುಗಳಿಗೆ ಎಲ್ಲರೂ ಬಳಸುವ 3.15 ಮಿ.ಮೀ. ಕಡ್ಡಿಯನ್ನು 110 ಆಂಪಿಯರಿನಲ್ಲಿ ಉರಿಸಿದರೆ ಆರ್ಕಿನ ನಡುವೆ ಸುಮಾರು 24 ವೋಲ್ಟ್ ಇರುತ್ತದೆ. 24ನ್ನು 110ರಿಂದ ಗುಣಿಸಿದರೆ 2640 ವಾಟ್. ಕೈ ಸೆಕೆಂಡಿಗೆ 4 ಮಿ.ಮೀ. ವೇಗದಲ್ಲಿ ಚಲಿಸಿದರೆ ಪ್ರತಿ ಮಿಲಿಮೀಟರಿಗೆ 660 ಜೌಲ್. ಅದರಲ್ಲಿ ಕಾಲು ಭಾಗ ಗಾಳಿಗೆ ಹೋಯಿತೆಂದರೂ ಸುಮಾರು 500 ಜೌಲ್ ತಗಡಿಗೆ ಸೇರುತ್ತದೆ. ಬೇಕಾದದ್ದು 30, ಕೊಟ್ಟದ್ದು 500.

ದಪ್ಪ ಪ್ಲೇಟಿಗೆ ಇದೇ 500 ಜೌಲ್ ಕೊಟ್ಟರೆ ಏನೂ ಆಗುವುದಿಲ್ಲ. ಅಲ್ಲಿ ಕಾವು ಎಡಕ್ಕೆ, ಬಲಕ್ಕೆ ಹರಿಯುವುದರ ಜೊತೆಗೆ ಆಳಕ್ಕೂ ಇಳಿಯುತ್ತದೆ. ತಣ್ಣನೆಯ ಲೋಹದ ರಾಶಿಯೇ ಕೆಳಗಿದೆ. ತಗಡಿನಲ್ಲಿ ಆಳ ಎಂಬುದೇ ಇಲ್ಲ. ಕಾವು ಅಕ್ಕಪಕ್ಕಕ್ಕೆ ಮಾತ್ರ ಹರಿಯಬೇಕು, ಆ ದಾರಿಯೂ ಒಂದು ಮಿಲಿಮೀಟರಿನಷ್ಟು ಕಿರಿದು. ಹೋಗಲು ದಾರಿಯಿಲ್ಲದ ಕಾವು ಅಲ್ಲೇ ನಿಂತು ಕರಗಿದ ಕೊಳವನ್ನು ದೊಡ್ಡದು ಮಾಡುತ್ತದೆ. ಕೊಳ ತಗಡಿನ ಹಿಂಬದಿಯವರೆಗೂ ಕರಗಿದಾಗ ಅದನ್ನು ಎತ್ತಿ ಹಿಡಿದಿರುವುದು ದ್ರವ ಲೋಹದ ಮೇಲ್ಮೈ ಎಳೆತ ಒಂದೇ. ಕೊಳ ಅಗಲವಾದಂತೆ ಆ ಎಳೆತ ಸೋಲುತ್ತದೆ, ಹನಿ ಕೆಳಗೆ ಬೀಳುತ್ತದೆ, ತೂತು ಉಳಿಯುತ್ತದೆ.

ತೂತಾಗದಿದ್ದರೂ ಇನ್ನೊಂದು ತೊಂದರೆ ಇದೆ. ಉಕ್ಕು ಪ್ರತಿ ಡಿಗ್ರಿಗೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು 12 ಭಾಗದಷ್ಟು ಹಿಗ್ಗುತ್ತದೆ. ಒಂದು ಮೀಟರ್ ಉದ್ದದ ಅಂಚು 500 ಡಿಗ್ರಿ ಕಾದರೆ 6 ಮಿ.ಮೀ. ಹಿಗ್ಗಬೇಕು. ಪಕ್ಕದ ತಣ್ಣನೆಯ ಲೋಹ ಬಿಡುವುದಿಲ್ಲ. ಕಾದು ಮೆತ್ತಗಾದ ಭಾಗ ಅಲ್ಲೇ ಹಿಸುಕಿಕೊಳ್ಳುತ್ತದೆ. ಆರಿದಾಗ ಅದು ಮೊದಲಿಗಿಂತ ಚಿಕ್ಕದಾಗಿ ಸುತ್ತಲಿನ ತಗಡನ್ನು ಎಳೆಯುತ್ತದೆ. ದಪ್ಪ ಪ್ಲೇಟು ಈ ಎಳೆತವನ್ನು ತಡೆದುಕೊಳ್ಳುತ್ತದೆ, ತಗಡು ಹಪ್ಪಳದಂತೆ ಸೊಟ್ಟಗಾಗುತ್ತದೆ. ತುಕ್ಕುರಹಿತ ಉಕ್ಕು, ಅಂದರೆ ನಮ್ಮ ಸ್ಟೀಲ್ ಪಾತ್ರೆಗಳ ಲೋಹ, ಇನ್ನೂ ಮೊಂಡ. ಅದು ಸಾಮಾನ್ಯ ಉಕ್ಕಿಗಿಂತ ಒಂದೂವರೆ ಪಟ್ಟು ಹಿಗ್ಗುತ್ತದೆ, ಆದರೆ ಉಷ್ಣವನ್ನು ಸಾಗಿಸುವುದು ಅದರ ಮೂರನೆಯ ಒಂದು ಭಾಗದಷ್ಟು ಮಾತ್ರ. ಸ್ಟೀಲ್ ಡಬ್ಬದ ಬೆಸುಗೆಯ ಸುತ್ತ ಅಲೆಅಲೆಯಾಗಿ ಕಾಣುವುದು ಇದರಿಂದಲೇ.

ಕಡ್ಡಿ ಬೆಸುಗೆ

ಲೋಹದ ಕಡ್ಡಿಯ ಮೇಲೆ ಖನಿಜಗಳ ಲೇಪವಿರುವ ಈ ವಿಧಾನ ನಮ್ಮ ಬೀದಿಬೀದಿಯಲ್ಲೂ ಇದೆ. ಲೇಪ ಉರಿದು ಅನಿಲವಾಗಿ ಕರಗಿದ ಲೋಹವನ್ನು ಗಾಳಿಯಿಂದ ಕಾಪಾಡುತ್ತದೆ, ಉಳಿದದ್ದು ಕಿಟ್ಟವಾಗಿ ಮೇಲೆ ಕೂರುತ್ತದೆ. ಸಿಲಿಂಡರ್ ಬೇಡ, ಗಾಳಿ ಬೀಸಿದರೂ ಚಿಂತೆಯಿಲ್ಲ. ಆದರೆ ತಗಡಿಗೆ ಇದು ಒರಟು. ಕಡ್ಡಿ ಉರಿಯುತ್ತಿರಬೇಕಾದರೆ ಒಂದು ಮಟ್ಟದ ಕರೆಂಟು ಬೇಕೇ ಬೇಕು. ಅದಕ್ಕಿಂತ ಇಳಿಸಿದರೆ ಕಡ್ಡಿ ಅಂಟಿಕೊಳ್ಳುತ್ತದೆ, ಇಲ್ಲವೇ ನಮ್ಮ ಏಣಿಯಲ್ಲಾದಂತೆ ಮೇಲ್ಮೇಲೆ ಹನಿ ಬೀಳುತ್ತದೆ. 3.15 ಮಿ.ಮೀ. ಕಡ್ಡಿಗೆ 90ರಿಂದ 130 ಆಂಪಿಯರ್, 2.5ಕ್ಕೆ 60ರಿಂದ 90, 2 ಮಿ.ಮೀ. ಕಡ್ಡಿಗೆ 40ರಿಂದ 60 ಆಂಪಿಯರ್ ಬೇಕಾಗುತ್ತದೆ. ಆದ್ದರಿಂದ ತಗಡಿಗೆ ಕಡ್ಡಿಯನ್ನು ತೆಳುವಾಗಿಸುವುದು ಮೊದಲ ಹೆಜ್ಜೆ. ಕರೆಂಟು ಇಳಿಸುವುದು ಅದರ ನಂತರ. ನಮ್ಮ ಶೆಡ್ಡಿನವ ಈ ಕ್ರಮವನ್ನು ತಿರುವುಮುರುವು ಮಾಡಿದ್ದ. ಪಾಪ, ಅವನ ಬಳಿ 3.15ರ ಪೊಟ್ಟಣವೊಂದೇ ಇತ್ತು.

1.6 ಮಿ.ಮೀ. ತಗಡಿನವರೆಗೆ 2 ಮಿ.ಮೀ. ಕಡ್ಡಿಯಿಂದ, ರೂಟೈಲ್ ಲೇಪದ ಇ 6013 ವರ್ಗದ್ದಾದರೆ, ಅಭ್ಯಾಸವಿರುವ ಕೈ ಚೆನ್ನಾಗಿಯೇ ಬೆಸೆಯಬಲ್ಲದು. ನೇರ ವಿದ್ಯುತ್ತಿನ ಯಂತ್ರವಾದರೆ ಕಡ್ಡಿಯನ್ನು ಋಣ ತುದಿಗೆ ಜೋಡಿಸಿದಾಗ ಬೆಸುಗೆ ಅಷ್ಟು ಆಳಕ್ಕೆ ಇಳಿಯುವುದಿಲ್ಲ, ತಗಡಿಗೆ ಅದು ಅನುಕೂಲ. ಒಂದು ಮಿಲಿಮೀಟರಿಗಿಂತ ತೆಳುವಾದುದಕ್ಕೆ ಕಡ್ಡಿ ಬೇಡವೆಂದೇ ನನ್ನ ಅಭಿಪ್ರಾಯ. ಮಾಡಿ ತೋರಿಸುವವರು ಇದ್ದಾರೆ, ನಿಜ. ಆದರೆ ಸರ್ಕಸ್ಸಿನವನು ತಂತಿಯ ಮೇಲೆ ನಡೆಯುತ್ತಾನೆಂದು ನಾವು ಊರಿಗೆ ಹೋಗಲು ತಂತಿ ಹಿಡಿಯುವುದಿಲ್ಲವಲ್ಲ.

ಯಂತ್ರ ಕೊಳ್ಳುವವರಿಗೆ ಒಂದು ಮಾತು. ಎಣ್ಣೆ ತುಂಬಿದ ಹಳೆಯ ಟ್ರಾನ್ಸ್‌ಫಾರ್ಮರ್ ಯಂತ್ರವನ್ನು ಎತ್ತಲು ನಾಲ್ಕು ಜನ ಬೇಕಾಗುತ್ತಿತ್ತು. ಈಗಿನ ಇನ್ವರ್ಟರ್ ಯಂತ್ರವನ್ನು ಹೆಗಲಿಗೆ ತೂಗುಹಾಕಿಕೊಂಡು ಹೋಗಬಹುದು. ಇದರ ಗುಟ್ಟು ನಿಮ್ಮ ಪಠ್ಯದಲ್ಲೇ ಇದೆ. ಟ್ರಾನ್ಸ್‌ಫಾರ್ಮರಿನಲ್ಲಿ ಪ್ರೇರಿತವಾಗುವ ವೋಲ್ಟೇಜು ಕಾಂತಪ್ರವಾಹ ಬದಲಾಗುವ ದರವನ್ನು ಅವಲಂಬಿಸಿದೆ. ಸೆಕೆಂಡಿಗೆ 50 ಸಲ ಬದಲಾಗುವ ವಿದ್ಯುತ್ತಿಗೆ ದೊಡ್ಡ ಕಬ್ಬಿಣದ ತಿರುಳು ಬೇಕು. ಇನ್ವರ್ಟರ್ ಮೊದಲು ಅದನ್ನು ನೇರ ವಿದ್ಯುತ್ತಾಗಿಸಿ, ಟ್ರಾನ್ಸಿಸ್ಟರುಗಳಿಂದ ಸೆಕೆಂಡಿಗೆ ಹತ್ತಾರು ಸಾವಿರ ಸಲ ಕತ್ತರಿಸುತ್ತದೆ. ಆಗ ಅಂಗೈಯಗಲದ ತಿರುಳು ಸಾಕಾಗುತ್ತದೆ. ತಗಡಿನ ಕೆಲಸಕ್ಕೆ ಇದರ ಲಾಭ ಹಗುರತನವಲ್ಲ. ಕರೆಂಟನ್ನು 20 ಆಂಪಿಯರಿಗೂ ಇಳಿಸಿ ಸ್ಥಿರವಾಗಿ ಹಿಡಿಯಬಲ್ಲದು ಎಂಬುದು. ಅಂಗಡಿಯಲ್ಲಿ ಪೆಟ್ಟಿಗೆಯ ಮೇಲೆ 200, 250 ಎಂದು ದಪ್ಪ ಅಕ್ಷರದಲ್ಲಿ ಬರೆದಿರುತ್ತಾರೆ. ಅದು ಗರಿಷ್ಠ. ನೀವು ಕೇಳಬೇಕಾದದ್ದು ಕನಿಷ್ಠ ಎಷ್ಟು ಎಂದು.

ತಂತಿ ಬೆಸುಗೆ, ಟಂಗ್‌ಸ್ಟನ್ ಬೆಸುಗೆ

ಮಿಗ್ ಎಂದು ಕರೆಯುವ ವಿಧಾನದಲ್ಲಿ ಕಡ್ಡಿಯ ಬದಲು ಸುರುಳಿಯಿಂದ ತೆಳು ತಂತಿ ತಾನಾಗಿ ಬರುತ್ತಿರುತ್ತದೆ, ಸುತ್ತ ಅನಿಲ ಹರಿಯುತ್ತದೆ. 1948ರಲ್ಲಿ ಅಮೆರಿಕದ ಬ್ಯಾಟೆಲ್ ಸಂಸ್ಥೆಯಲ್ಲಿ ಇದು ರೂಪುಗೊಂಡಾಗ ದಪ್ಪ ಅಲ್ಯೂಮಿನಿಯಂ ಬೆಸೆಯುವುದು ಮುಖ್ಯ ಉದ್ದೇಶವಾಗಿತ್ತು. ಜಡಾನಿಲ ದುಬಾರಿಯಾದ್ದರಿಂದ 1950ರ ದಶಕದಲ್ಲಿ ಉಕ್ಕಿಗೆ ಅಗ್ಗದ ಇಂಗಾಲದ ಡೈಆಕ್ಸೈಡನ್ನು ಬಳಸತೊಡಗಿದರು. ನಮ್ಮ ವರ್ಕ್‌ಶಾಪುಗಳಲ್ಲಿ ಇದನ್ನು "ಸಿಓಟು ವೆಲ್ಡಿಂಗ್" ಎನ್ನುವುದು ಅದರಿಂದಲೇ.

ತಗಡಿಗೆ ಇದು ವರವಾದದ್ದು 1950ರ ದಶಕದ ಕೊನೆಗೆ, ತೆಳು ತಂತಿ ಮತ್ತು ಕಡಿಮೆ ವೋಲ್ಟೇಜಿನ ಬಳಕೆ ಬಂದಾಗ. ಆಗ ನಡೆಯುವುದು ಸ್ವಾರಸ್ಯಕರ. ತಂತಿಯ ತುದಿ ಕೊಳವನ್ನು ಮುಟ್ಟುತ್ತದೆ, ಆರ್ಕ್ ಆರುತ್ತದೆ. ತುದಿ ಕರಗಿ ಕೊಳಕ್ಕೆ ಸೇರುತ್ತದೆ, ಆರ್ಕ್ ಮತ್ತೆ ಹೊತ್ತಿಕೊಳ್ಳುತ್ತದೆ. ಸೆಕೆಂಡಿಗೆ 20ರಿಂದ 200 ಸಲ ಹೀಗೆ ಆಗುತ್ತದೆ. ಆರಿದ ಆ ಕ್ಷಣಗಳಲ್ಲಿ ತಗಡು ಸ್ವಲ್ಪ ಉಸಿರಾಡಿಕೊಳ್ಳುತ್ತದೆ. ನಮ್ಮ ಧ್ವನಿ ತಂತ್ರಜ್ಞರು ಇದನ್ನು ಮುದ್ರಿಸಿಕೊಂಡಾಗ ಒಂದು ಅಂಶ ಸ್ಪಷ್ಟವಾಯಿತು: ಹೊಂದಿಕೆ ಸರಿಯಾಗಿದ್ದರೆ ಎಣ್ಣೆಯಲ್ಲಿ ಬೋಂಡಾ ಕರಿಯುವಂತೆ ಒಂದೇ ಸಮನೆ ಚರಚರ ಸದ್ದು ಬರುತ್ತದೆ. ಬಿಟ್ಟುಬಿಟ್ಟು ಪಟಾರೆಂದರೆ ವೋಲ್ಟೇಜು ಅಥವಾ ತಂತಿಯ ವೇಗ ಹೊಂದಿಲ್ಲವೆಂದು ಅರ್ಥ. ನುರಿತವರು ಮೀಟರ್ ನೋಡುವುದಿಲ್ಲ, ಕಿವಿಗೊಡುತ್ತಾರೆ.

ತಗಡಿಗೆ 0.8 ಮಿ.ಮೀ. ತಂತಿ ಸಾಕು, 0.6 ಸಿಕ್ಕರೆ ಇನ್ನೂ ಒಳ್ಳೆಯದು. ಒಂದು ಮಿಲಿಮೀಟರ್ ದಪ್ಪಕ್ಕೆ ಸುಮಾರು 40 ಆಂಪಿಯರಿನಿಂದ ಆರಂಭಿಸಿ ಚೂರು ತಗಡಿನ ಮೇಲೆ ನೋಡಿಕೊಂಡು ಏರಿಸಬೇಕು. 60 ಆಂಪಿಯರ್, 17 ವೋಲ್ಟ್, ಸೆಕೆಂಡಿಗೆ 8 ಮಿ.ಮೀ. ವೇಗ ಎಂದು ಮೇಲಿನ ಲೆಕ್ಕವನ್ನೇ ಮಾಡಿ ನೋಡಿ. ಪ್ರತಿ ಮಿಲಿಮೀಟರಿಗೆ 130 ಜೌಲಿನ ಒಳಗೇ ಬರುತ್ತದೆ. ಕಡ್ಡಿಯ 660ರ ಪಕ್ಕದಲ್ಲಿ ಇದನ್ನಿಟ್ಟು ಹೋಲಿಸಿ. ಅನಿಲವಿಲ್ಲದೆ, ಒಳಗೆ ಲೇಪದ ಪುಡಿ ತುಂಬಿದ ತಂತಿಯಿಂದ ನಡೆಯುವ ಸಣ್ಣ ಯಂತ್ರಗಳೂ ಈಗ ಸಿಗುತ್ತವೆ. ಬಯಲಿನ ಕೆಲಸಕ್ಕೆ ಅನುಕೂಲವಾದರೂ ಅವು ಹೆಚ್ಚು ಕಿಡಿ ಸಿಡಿಸುತ್ತವೆ, ಹೆಚ್ಚು ಕಾವು ಕೊಡುತ್ತವೆ. ತಗಡಿಗಾಗಿಯೇ ಕೊಳ್ಳುವುದಾದರೆ ಸಿಲಿಂಡರ್ ಜೋಡಿಸಲು ಅವಕಾಶವಿರುವ ಯಂತ್ರವನ್ನೇ ನೋಡಿ.

ಟಿಗ್ ವಿಧಾನದ ಹುಟ್ಟೇ ತೆಳು ಲೋಹದ ಸಂಕಟದಿಂದ. 1941ರಲ್ಲಿ ಅಮೆರಿಕದ ನಾರ್ತ್ರಾಪ್ ವಿಮಾನ ಕಂಪನಿಯವರು ಹಗುರ ಮೆಗ್ನೀಸಿಯಂನಿಂದ ವಿಮಾನ ಮಾಡಹೊರಟರು. ಕರಗಿದಾಗ ಗಾಳಿ ಸೋಕಿದರೆ ಹೊತ್ತಿಕೊಳ್ಳುವ ಆ ಲೋಹವನ್ನು ಬೆಸೆಯಲು ರಸಲ್ ಮೆರಿಡಿತ್ ಎಂಬ ಎಂಜಿನಿಯರ್ ಟಂಗ್‌ಸ್ಟನ್ ಕಡ್ಡಿಯ ಸುತ್ತ ಹೀಲಿಯಂ ಹರಿಸಿದ. ಟಂಗ್‌ಸ್ಟನ್ 3400 ಡಿಗ್ರಿ ದಾಟಿದ ಮೇಲೇ ಕರಗುವುದರಿಂದ ಕಡ್ಡಿ ಸವೆಯುವುದಿಲ್ಲ. ಅದು ಆರ್ಕನ್ನು ಹಿಡಿದಿರುತ್ತದೆ ಅಷ್ಟೆ. ಬೇಕಾದರೆ ಇನ್ನೊಂದು ಕೈಯಿಂದ ತಂತಿ ಕೊಡಬೇಕು, ಬೇಡವಾದರೆ ಎರಡು ಅಂಚುಗಳನ್ನೇ ಕರಗಿಸಿ ಕೂಡಿಸಬಹುದು. ಈಗ ಹೀಲಿಯಂ ಬದಲು ಆರ್ಗಾನ್ ಬಳಸುತ್ತಾರೆ. ನಾವು ಉಸಿರಾಡುವ ಗಾಳಿಯಲ್ಲೇ ಅದು ನೂರಕ್ಕೆ ಒಂದು ಭಾಗದಷ್ಟಿದೆ. ಇಲ್ಲಿ ಕಾವು ಮತ್ತು ಲೋಹ ಎರಡೂ ಬೇರೆಬೇರೆಯಾಗಿ ಬೆಸುಗೆಗಾರನ ಹತೋಟಿಯಲ್ಲಿವೆ, ಹಲವು ಯಂತ್ರಗಳಲ್ಲಿ ಕಾಲಿನ ಪೆಡಲಿನಿಂದ ಕರೆಂಟನ್ನು ಏರಿಸಿ ಇಳಿಸಬಹುದು. ಒಂದು ಮಿ.ಮೀ. ಸ್ಟೀಲಿಗೆ 30ರಿಂದ 50 ಆಂಪಿಯರ್ ಸಾಕು. ಹಾಲಿನ ಡೇರಿಯ ಕೊಳವೆ, ಹೋಟೆಲಿನ ಅಡುಗೆಮನೆಯ ತೊಟ್ಟಿಗಳ ನುಣುಪಾದ ಬೆಸುಗೆಗಳೆಲ್ಲ ಇದರವೇ. ಆದರೆ ನಿಧಾನ. ಕಲಿಯಲೂ ಕಾಲ ಬೇಕು: ಎರಡು ಕೈ, ಒಂದು ಕಾಲು, ಎರಡು ಕಣ್ಣು ಒಟ್ಟಿಗೆ ದುಡಿಯಬೇಕು.

ಅಲ್ಯೂಮಿನಿಯಂ ತಗಡಿಗೆ ಟಿಗ್ ಬಿಟ್ಟು ಬೇರೆ ವಿಧಾನವನ್ನು ಹೊಸಬರಿಗೆ ನಾನು ಹೇಳಲಾರೆ. ಆ ಲೋಹ 660 ಡಿಗ್ರಿಯಲ್ಲಿ ಕರಗುತ್ತದೆ, ಆದರೆ ಅದರ ಮೈಮೇಲಿನ ಆಕ್ಸೈಡಿನ ಪೊರೆ ಕರಗಲು 2000 ಡಿಗ್ರಿ ದಾಟಬೇಕು. ಒಳಗೆಲ್ಲ ನೀರಾಗಿದ್ದರೂ ಹೊರಗಿನ ಚರ್ಮ ಗಟ್ಟಿಯಾಗಿಯೇ ನಿಂತಿರುತ್ತದೆ, ನೋಡನೋಡುತ್ತಿದ್ದಂತೆ ಇಡೀ ಭಾಗ ಕುಸಿಯುತ್ತದೆ. ಪರ್ಯಾಯ ವಿದ್ಯುತ್ ಬಳಸಿದರೆ ಕಡ್ಡಿ ಧನವಾಗಿರುವ ಅರ್ಧ ಆವರ್ತದಲ್ಲಿ ಈ ಪೊರೆ ಸಿಡಿದುಹೋಗುತ್ತದೆ, ಋಣವಾಗಿರುವ ಅರ್ಧದಲ್ಲಿ ಲೋಹ ಕಾಯುತ್ತದೆ. ಆದ್ದರಿಂದ ನೇರ ವಿದ್ಯುತ್ತು ಮಾತ್ರ ಕೊಡುವ ಅಗ್ಗದ ಟಿಗ್ ಯಂತ್ರ ಅಲ್ಯೂಮಿನಿಯಂಗೆ ಆಗುವುದಿಲ್ಲ. ಇದನ್ನು ಕೊಂಡ ಮೇಲೆ ತಿಳಿದುಕೊಂಡವರು ಬಹಳ ಮಂದಿ.

ಒಂದು ವೋಲ್ಟಿಗಿಂತ ಕಡಿಮೆಯಲ್ಲಿ ಬೆಸುಗೆ

ನಿಮ್ಮ ಮನೆಯ ಉಕ್ಕಿನ ಬೀರುವಿನ ಒಳಬದಿಯಲ್ಲಿ ಬೆರಳಾಡಿಸಿ ನೋಡಿ. ಬಟಾಣಿ ಗಾತ್ರದ ಸಣ್ಣ ಗುಳಿಗಳು ಸಾಲಾಗಿ ಸಿಗುತ್ತವೆ. ಅದು ಚುಕ್ಕಿ ಬೆಸುಗೆ, ಅಂದರೆ ಸ್ಪಾಟ್ ವೆಲ್ಡಿಂಗ್. ಒಂದು ಕಾರಿನ ಕವಚದಲ್ಲಿ ಇಂಥವು ಸಾವಿರಾರು ಇರುತ್ತವೆ. ಆರ್ಕ್ ಇಲ್ಲ, ಕಡ್ಡಿ ಇಲ್ಲ, ತಂತಿ ಇಲ್ಲ. ಒಂದರ ಮೇಲೊಂದಿಟ್ಟ ತಗಡುಗಳನ್ನು ಎರಡು ತಾಮ್ರದ ತುದಿಗಳು ಇಕ್ಕಳದಂತೆ ಒತ್ತಿ ಹಿಡಿಯುತ್ತವೆ, ಕ್ಷಣಕಾಲ ಭಾರಿ ಕರೆಂಟು ಹರಿಯುತ್ತದೆ, ಅಷ್ಟೆ. ಎಲಿಹು ಥಾಮ್ಸನ್ ಎಂಬ ವಿಜ್ಞಾನಿ 1880ರ ದಶಕದಲ್ಲಿ ವಿದ್ಯುತ್ ರೋಧದಿಂದ ಬೆಸೆಯುವ ಈ ತತ್ತ್ವವನ್ನು ಬಳಕೆಗೆ ತಂದ.

ಜೌಲನ ನಿಯಮವನ್ನು ನೆನಪಿಸಿಕೊಳ್ಳಿ: ಕರೆಂಟಿನ ವರ್ಗ, ರೋಧ, ಕಾಲ ಇವುಗಳ ಗುಣಲಬ್ಧವೇ ಉಷ್ಣ. ಒಂದು ಮಿ.ಮೀ. ದಪ್ಪದ ಎರಡು ತಗಡುಗಳಿಗೆ ಸುಮಾರು 9000 ಆಂಪಿಯರ್, ಒಂದು ಸೆಕೆಂಡಿನ ಐದನೆಯ ಒಂದು ಭಾಗ. ತಗಡುಗಳ ರೋಧ ಓಮ್‌ನ ಹತ್ತುಸಾವಿರದಲ್ಲಿ ಒಂದು ಭಾಗವೆಂದು ಹಿಡಿದರೆ ಉಷ್ಣ 1620 ಜೌಲ್. ಆ ತುದಿಗಳ ನಡುವಿನ ವೋಲ್ಟೇಜನ್ನು ಓಮ್‌ನ ನಿಯಮದಿಂದ ಲೆಕ್ಕ ಹಾಕಿ. 0.9 ವೋಲ್ಟ್! ನಿಮ್ಮ ಟಾರ್ಚಿನ ಸೆಲ್ಲಿನದಕ್ಕಿಂತ ಕಡಿಮೆ. ಹೆಚ್ಚಿನ ರೋಧ ಇರುವುದು ತಗಡುಗಳು ಒಂದನ್ನೊಂದು ಮುಟ್ಟುವ ಜಾಗದಲ್ಲಿ. ಹೊರಮೈಯನ್ನು ನೀರು ಹರಿಯುವ ತಾಮ್ರದ ತುದಿಗಳು ತಂಪಾಗಿಡುತ್ತವೆ. ಹಾಗಾಗಿ ಒಳಗೇ ಒಂದು ಗುಂಡಿಯಷ್ಟು ಲೋಹ ಕರಗಿ ಹೆಪ್ಪುಗಟ್ಟುತ್ತದೆ. ಸೊಟ್ಟಗಾಗಲು ತಗಡಿಗೆ ಸಮಯವೇ ಸಿಗುವುದಿಲ್ಲ.

ಈ ಸಮಯದ ವಿಷಯ ತುಕ್ಕುರಹಿತ ಉಕ್ಕಿಗೆ ಇನ್ನೂ ಮುಖ್ಯ. ಅದು 450ರಿಂದ 850 ಡಿಗ್ರಿಯ ನಡುವೆ ಹೆಚ್ಚು ಹೊತ್ತು ನಿಂತರೆ ಅದರೊಳಗಿನ ಕ್ರೋಮಿಯಂ ಇಂಗಾಲದ ಜೊತೆ ಸೇರಿಬಿಡುತ್ತದೆ, ಆ ಜಾಗಕ್ಕೆ ತುಕ್ಕು ಹಿಡಿಯುತ್ತದೆ. 1934ರಲ್ಲಿ ಅಮೆರಿಕದ ಬಡ್ ಕಂಪನಿ ಝೆಫಿರ್ ಎಂಬ ತುಕ್ಕುರಹಿತ ಉಕ್ಕಿನ ರೈಲನ್ನು ಕಟ್ಟಿದಾಗ, ಕರೆಂಟು ಹರಿಯುವ ಕಾಲವನ್ನು ಬಹಳ ಕಿರಿದುಗೊಳಿಸಿದ ಚುಕ್ಕಿ ಬೆಸುಗೆಯಿಂದಲೇ ಅದನ್ನು ಸಾಧಿಸಿತು. 2011ರಲ್ಲಿ ಬೆಂಗಳೂರಿನಲ್ಲಿ ಓಡಲಾರಂಭಿಸಿದ ನಮ್ಮ ಮೆಟ್ರೋದ ಬೋಗಿಗಳೂ ಇದೇ ಬಗೆಯ ಉಕ್ಕಿನವು, ನಗರದ ಬಿ.ಇ.ಎಂ.ಎಲ್. ಕಾರ್ಖಾನೆಯಲ್ಲಿ ತಯಾರಾದವು. ಇಂಥ ಬೋಗಿಗಳ ಹೊರಮೈಯನ್ನು ಬಿಸಿಲಿನಲ್ಲಿ ಓರೆಯಾಗಿ ನೋಡಿದರೆ ಚುಕ್ಕಿಗಳ ಸಾಲು ಕಾಣಸಿಗಬಹುದು.

ಚುಕ್ಕಿ ಬೆಸುಗೆಗೆ ಮಿತಿ ಒಂದೇ, ಆದರೆ ದೊಡ್ಡದು: ಎರಡೂ ಕಡೆಯಿಂದ ಇಕ್ಕಳ ತಲುಪಬೇಕು. ಪೆಟ್ಟಿಗೆ, ಬೀರು, ಕಾರಿನ ಬಾಗಿಲಿಗೆ ಸರಿ. ಕೊಳವೆಯ ಏಣಿಗೆ ಆಗುವುದಿಲ್ಲ.

ಗ್ಯಾಸ್ ಬೆಸುಗೆಯ ಬಗ್ಗೆ ಎರಡು ಮಾತು ಸಾಕು. ಆಮ್ಲಜನಕ ಮತ್ತು ಅಸಿಟಿಲೀನ್‌ನ ಜ್ವಾಲೆ 3100 ಡಿಗ್ರಿಯಷ್ಟು ಬಿಸಿಯಿದ್ದರೂ ಆರ್ಕಿನಷ್ಟು ಕೇಂದ್ರೀಕೃತವಲ್ಲ. ಗ್ಯಾರೇಜುಗಳ ಟಿಂಕರಿಂಗ್ ಕೆಲಸದವರು ದಶಕಗಳ ಕಾಲ ಇದರಿಂದಲೇ ಕಾರುಗಳ ತಗಡನ್ನು ಬೆಸೆದರು, ಆಮೇಲೆ ಸುತ್ತಿಗೆ ಹಿಡಿದು ಗಂಟೆಗಟ್ಟಲೆ ಅದರ ಸೊಟ್ಟ ತಿದ್ದಿದರು. ಹಿತ್ತಾಳೆ ಕರಗಿಸಿ ಕೂಡಿಸುವ ಬ್ರೇಜಿಂಗಿಗೆ, ಫ್ರಿಜ್ಜಿನ ತಾಮ್ರದ ಕೊಳವೆಗೆ ಜ್ವಾಲೆ ಈಗಲೂ ಬೇಕು. ಇತ್ತೀಚೆಗೆ ಕೈಯಲ್ಲಿ ಹಿಡಿಯುವ ಲೇಸರ್ ಬೆಸುಗೆ ಯಂತ್ರಗಳು ಬಂದಿವೆ. ತೆಳು ಸ್ಟೀಲಿಗೆ ಅವುಗಳ ಕೆಲಸ ನೋಡಿದರೆ ಬೆರಗಾಗುತ್ತದೆ. ಆದರೆ ಆ ಕಿರಣ ಕಣ್ಣಿಗೆ ಕಾಣದು, ಪ್ರತಿಫಲಿಸಿ ಬಂದರೂ ರೆಟಿನಾ ಸುಡುತ್ತದೆ. ಸುತ್ತಲೂ ಮರೆಕಟ್ಟಿದ ಕೋಣೆ, ತಕ್ಕ ಕನ್ನಡಕ ಇಲ್ಲದ ಕಡೆ ಅದು ಇರಲೇಬಾರದು.

ಇನ್ನು, ಬೆಸೆಯಲೇಬೇಕೆ ಎಂಬ ಪ್ರಶ್ನೆಯನ್ನೂ ಕೇಳಿಕೊಳ್ಳಿ. ವಿಮಾನಗಳ ಅಲ್ಯೂಮಿನಿಯಂ ಹೊದಿಕೆಯನ್ನು ಬಹುಮಟ್ಟಿಗೆ ರಿವೆಟ್ ಹೊಡೆದೇ ಕೂಡಿಸುತ್ತಾರೆ, ಏಕೆಂದರೆ ಆ ಮಿಶ್ರಲೋಹದ ಬಲ ಬೆಸುಗೆಯ ಕಾವಿಗೆ ಕುಂದುತ್ತದೆ. ನಮ್ಮ ಸಂತೆಯ ತಗಡಿನ ಕೆಲಸದವರು ಅಂಚು ಮಡಿಸಿ, ಬಡಿದು, ತವರದ ಬೆಸುಗೆ ಹಾಕಿ ನೀರು ಸೋರದ ಡಬ್ಬ ಮಾಡುತ್ತಾರೆ. ಅರ್ಧ ಮಿಲಿಮೀಟರಿಗಿಂತ ತೆಳುವಾದುದಕ್ಕೆ ನಾನಂತೂ ಅವರ ಬಳಿಗೇ ಹೋಗುತ್ತೇನೆ.

ಯಂತ್ರಕ್ಕಿಂತ ಮೊದಲು

ಯಾವ ಯಂತ್ರವಾದರೂ ಅಂಚುಗಳ ನಡುವೆ ಸಂದಿಯಿದ್ದರೆ ತಗಡು ತೂತಾಗುತ್ತದೆ. ಅಂಚಿಗೆ ಅಂಚು ಕೂಡಿಸುವಾಗ ಸಂದಿ ತಗಡಿನ ಅರ್ಧ ದಪ್ಪಕ್ಕಿಂತ ಹೆಚ್ಚಿರಬಾರದು. ಸಾಧ್ಯವಿದ್ದರೆ ಒಂದರ ಮೇಲೊಂದು ಹೊದಿಸಿಯೇ ಬೆಸೆಯುವುದು ಸುಲಭ. ತುಕ್ಕು, ಎಣ್ಣೆ, ಬಣ್ಣ ತೆಗೆಯಬೇಕು. ಪ್ರತಿ 25–30 ಮಿ.ಮೀ.ಗೆ ಒಂದು ಸಣ್ಣ ಚುಕ್ಕೆ ಹಾಕಿ ಮೊದಲು ಹಿಡಿಸಿ, ಆಮೇಲೆ ಒಂದೇ ಕಡೆಯಿಂದ ಎಳೆದುಕೊಂಡು ಹೋಗದೆ, ಇಲ್ಲೊಂದಿಷ್ಟು ಅಲ್ಲೊಂದಿಷ್ಟು ಬೆಸೆದು ಆರಲು ಬಿಡಬೇಕು. ಹಿಂಬದಿಗೆ ತಾಮ್ರದ ಪಟ್ಟಿ ಒತ್ತಿ ಹಿಡಿದರೆ ಕೊಳ ಕೆಳಗೆ ಬೀಳುವುದಿಲ್ಲ. ತಾಮ್ರ ಉಕ್ಕಿಗಿಂತ ಏಳೆಂಟು ಪಟ್ಟು ಬೇಗ ಕಾವನ್ನು ಸೆಳೆದುಕೊಳ್ಳುತ್ತದೆ, ಉಕ್ಕು ಅದಕ್ಕೆ ಅಂಟುವುದೂ ಇಲ್ಲ. ತಗಡಿಗೆ ಇಲ್ಲದ ಆಳವನ್ನು ನಾವು ಹೀಗೆ ಸಾಲವಾಗಿ ಕೊಡುತ್ತೇವೆ. ನಿಂತ ತಗಡನ್ನು ಮಿಗ್‌ನಿಂದ ಮೇಲಿನಿಂದ ಕೆಳಕ್ಕೆ ಬೆಸೆದರೆ ಕೈ ವೇಗವಾಗಿ ಚಲಿಸುತ್ತದೆ, ಕಾವು ಕಡಿಮೆಯಾಗುತ್ತದೆ. ದಪ್ಪ ಲೋಹಕ್ಕೆ ಮಾತ್ರ ಹೀಗೆ ಮಾಡಬಾರದು, ಬೆಸುಗೆ ಆಳಕ್ಕೆ ಇಳಿಯುವುದಿಲ್ಲ.

ಸತುವಿನ ಲೇಪವಿರುವ ಜಿ.ಐ. ತಗಡು ಬೇರೆಯೇ ಜಾತಿ. ಸತು 420 ಡಿಗ್ರಿಯಲ್ಲಿ ಕರಗಿ 907ರಲ್ಲಿ ಕುದಿಯುತ್ತದೆ. ಉಕ್ಕು ಕರಗುವ ಹೊತ್ತಿಗೆ ಸತು ಆವಿಯಾಗಿ ಬೆಸುಗೆಯೊಳಗೆ ಗುಳ್ಳೆ ಎಬ್ಬಿಸುತ್ತದೆ, ಬಿಳಿ ಹೊಗೆಯಾಗಿ ಮೂಗಿಗೂ ಸೇರುತ್ತದೆ. ಕೆಲವು ಗಂಟೆಗಳ ನಂತರ ಮಲೇರಿಯಾದಂತೆ ಚಳಿಜ್ವರ ಬರುತ್ತದೆ. ಬೆಲ್ಲ ತಿಂದರೆ, ಹಾಲು ಕುಡಿದರೆ ಸರಿಹೋಗುತ್ತದೆಂಬ ನಂಬಿಕೆ ಎಲ್ಲ ಶೆಡ್ಡುಗಳಲ್ಲೂ ಇದೆ. ಹಾಲು ಹೊಟ್ಟೆಗೆ ಹೋಗುತ್ತದೆ, ಹೊಗೆ ಹೋಗಿರುವುದು ಶ್ವಾಸಕೋಶಕ್ಕೆ! ಬೆಸೆಯುವ ಅಂಚಿನ ಎರಡೂ ಕಡೆ ಒಂದೆರಡು ಸೆಂಟಿಮೀಟರ್ ಲೇಪ ಉಜ್ಜಿ ತೆಗೆಯುವುದು, ಗಾಳಿಯಾಡುವ ಕಡೆ ಕೂರುವುದು, ತಕ್ಕ ಮುಖವಾಡ ಧರಿಸುವುದು ಇದಕ್ಕೆ ಉಪಾಯ. ಪೆಟ್ರೋಲು ಖಾಲಿಯಾದ ಟ್ಯಾಂಕನ್ನಂತೂ ನೀವಾಗಿ ಎಂದೂ ಬೆಸೆಯಲು ಹೋಗಬೇಡಿ. ತುಂಬಿದ ಟ್ಯಾಂಕಿಗಿಂತ ಆವಿ ತುಂಬಿದ ಖಾಲಿ ಟ್ಯಾಂಕೇ ಸಿಡಿಯುವುದು.

ಕಣ್ಣಿನ ಬಗ್ಗೆ ನನ್ನದೇ ಅನುಭವವಿದೆ. ಈ ಸಂಚಿಕೆಯ ಚಿತ್ರೀಕರಣಕ್ಕೆ ಕ್ಯಾಮೆರಾದ ಲೆನ್ಸಿಗೆ ವೆಲ್ಡಿಂಗ್ ಗಾಜನ್ನು ಟೇಪಿನಿಂದ ಅಂಟಿಸಿದ್ದೆವು. ಯಂತ್ರದ ಕಣ್ಣನ್ನು ಅಷ್ಟು ಜೋಪಾನ ಮಾಡಿದ ನಾನು ಪಕ್ಕದಲ್ಲಿ ಬರಿಗಣ್ಣಿನಲ್ಲಿ ನಿಂತು "ಇನ್ನೊಂದು ಟೇಕ್" ಎನ್ನುತ್ತಿದ್ದೆ. ಆಗ ಏನೂ ಅನ್ನಿಸಲಿಲ್ಲ. ರಾತ್ರಿ ಎರಡು ಗಂಟೆಗೆ ಕಣ್ಣಿಗೆ ಹಿಡಿ ಮರಳು ಎರಚಿದಂತಾಗಿ ಎದ್ದೆ. ಆರ್ಕಿನ ಅತಿನೇರಳೆ ಕಿರಣ ಕಣ್ಣಿನ ಪಾರದರ್ಶಕ ಪಟಲದ ಮೇಲ್ಪದರವನ್ನು ಸುಟ್ಟಾಗ ನೋವು ಆರೆಂಟು ಗಂಟೆ ತಡವಾಗಿ ಬರುತ್ತದೆ. ಒಂದೆರಡು ದಿನಗಳಲ್ಲಿ ಆ ಪದರ ಮತ್ತೆ ಬೆಳೆಯುತ್ತದೆ. ಮನೆಮದ್ದು ಹಾಕದೆ ಕಣ್ಣಿನ ವೈದ್ಯರಿಗೆ ತೋರಿಸಬೇಕು. ನನಗೆ ವಾಸಿಯಾಯಿತು. ತಿಂಗಳಿಗೆ ಎರಡು ಸಲ ಇದನ್ನು ಅನುಭವಿಸುತ್ತ, ಕರಿಗನ್ನಡಕವೊಂದನ್ನೇ ನೆಚ್ಚಿ ದುಡಿಯುವ ನಿಮ್ಮ ವಯಸ್ಸಿನ ಹುಡುಗರು ಆ ಶೆಡ್ಡುಗಳಲ್ಲಿದ್ದಾರೆ. 9ರಿಂದ 11ನೆಯ ಸಂಖ್ಯೆಯ ಗಾಜಿರುವ ಮುಖಕವಚಕ್ಕೆ ಬದಲಿಯಿಲ್ಲ.

ಕೊನೆಗೆ, ಕಾಲೇಜಿನ ಪ್ರಾಜೆಕ್ಟಿಗೆ ಯಾವುದು ಕೊಳ್ಳಲಿ ಎಂದು ಪತ್ರ ಬರೆದು ಕೇಳುವವರಿಗೆ: ಹಣ ಕಡಿಮೆಯಿದ್ದರೆ ಇನ್ವರ್ಟರ್ ಯಂತ್ರ, 2 ಮಿ.ಮೀ. ಕಡ್ಡಿ ಕೊಂಡು 1.6 ಮಿ.ಮೀ. ಕೊಳವೆಯಿಂದ ವಿನ್ಯಾಸ ಮಾಡಿ. ಸ್ವಲ್ಪ ಹೆಚ್ಚಿದ್ದರೆ 0.8 ತಂತಿಯ ಮಿಗ್. ಸ್ಟೀಲ್ ಅಥವಾ ಅಲ್ಯೂಮಿನಿಯಂ ಆದರೆ ಟಿಗ್ ಗೊತ್ತಿರುವವರನ್ನು ಹುಡುಕಿ, ಕೆಲಸ ಅವರಿಗೇ ಕೊಡಿ. ಯಾವುದೇ ಆದರೂ ಅದೇ ತಗಡಿನ ಎರಡು ಚೂರುಗಳನ್ನು ಮೊದಲು ಬೆಸೆದು, ವೈಸಿಗೆ ಸಿಕ್ಕಿಸಿ ಸುತ್ತಿಗೆಯಿಂದ ಬಡಿದು ಮುರಿಯಿರಿ. ಬೆಸುಗೆ ಬಿಟ್ಟುಕೊಟ್ಟರೆ ಅದು ಹಿಡಿದಿಲ್ಲ. ಪಕ್ಕದ ತಗಡು ಹರಿದರೆ ಹಿಡಿದಿದೆ. ಚುಕ್ಕಿ ಬೆಸುಗೆಯನ್ನು ಸಿಪ್ಪೆಯಂತೆ ಸುಲಿದಾಗ ಒಂದು ತಗಡಿನಲ್ಲಿ ತೂತು ಬಿದ್ದು, ಇನ್ನೊಂದರಲ್ಲಿ ಗುಂಡಿ ಉಳಿಯಬೇಕು. ಇದಕ್ಕೆ ಖರ್ಚಾಗುವುದು ಹತ್ತು ನಿಮಿಷ.

ಹೊಸ ಏಣಿಯನ್ನು ಹಾಗೆಯೇ ಮಾಡಿಸಿದೆವು. 1.6 ಮಿ.ಮೀ. ಕೊಳವೆ, ಮಿಗ್ ಬೆಸುಗೆ. ಬಣ್ಣ ಹಚ್ಚುವ ಮೊದಲೇ ನಾನು ಹೋಗಿ ನೋಡಿದೆ, ಮಾದರಿ ಕೀಲುಗಳನ್ನು ನನ್ನೆದುರೇ ಮುರಿಸಿದೆ. ಹಳೆಯದು 18 ಕಿಲೋ ತೂಗುತ್ತಿತ್ತು, ಇದು 28. ಎತ್ತಲು ಈಗ ಇಬ್ಬರು ಬೇಕು. ಅದರ ಒಂದು ತುದಿ ಹಿಡಿಯುವವನು ಅದೇ ಸಹಾಯಕ.